ಬೋಲ್ಟ್ ಒಳಗೆ ನೋಡಿದ್ಯಾ?

ಸ್ಯಾಂಡ್ ಕ್ರೀಕ್ ರಸ್ತೆ, ಮೊಂಟಾನಾ
ಜೂನ್ 3, ಮಂಗಳವಾರ

ಗೆಳೆಯ ವರ್ಡೆಲ್‌ಗೆ,

ಅಂಚೆ ಡಬ್ಬಿಯ ಹತ್ತಿರ ನಿಂತುಕೊಂಡು ಓದಬೇಡ. ಮನೆಯೊಳಗೆ ಹೋಗಿ ಕೂತು ಓದು. ಭಾನುವಾರವಷ್ಟೇ ಚರ್ಚಿನಲ್ಲಿ ಪಕ್ಕದಲ್ಲಿ ಕೂತಿದ್ದವನು ಇವತ್ತು ಕಾಗದ ಯಾಕೆ ಬರೆದ ಎಂದು ನಿನಗೆ ಗಾಬರಿಯಾಗಬಹುದು. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನನ್ನವಳು ಆರ್ಡಿಸ್ ಚೆನ್ನಾಗಿದ್ದಾಳೆ. ಬರೆಯಲು ಹೇಳಿದವಳೂ ಅವಳೇ. ಎದುರಿಗೆ ನಿಂತರೆ ನನ್ನ ಬಾಯಿ ಕಟ್ಟುತ್ತದೆ, ಬರೆಯಲು ಕೂತರೆ ಕೈ ತಪ್ಪುತ್ತದೆ. ಶಾಲೆಯನ್ನು ಅರ್ಧಕ್ಕೆ ಬಿಟ್ಟವನ ಕಾಗುಣಿತಕ್ಕೆ ನೀನು ಬೇಕಾದಷ್ಟು ನಗು. ಆದರೆ ಕೊನೆಯವರೆಗೆ ಓದು.

ನಿನ್ನ ಕೋವಿಯ ನಳಿಗೆ ಬಂದಿದೆ. ಮೊನ್ನೆ ಬಂದದ್ದಲ್ಲ. ಹೊಲದಲ್ಲಿ ಹಿಮ ಇದ್ದಾಗಲೇ ಬಂತು. ಕಂಪನಿಯವರು ತಡ ಮಾಡುತ್ತಿದ್ದಾರೆ, ಇವರನ್ನು ನಂಬಿ ಕೆಟ್ಟೆ ಎಂದು ನಾನು ಪ್ರತಿ ಸಲ ಬೈಯುತ್ತಿದ್ದೆನಲ್ಲ, ಆ ಹೊತ್ತಿಗೆಲ್ಲ ಅದು ಕಂಬಳಿ ಸುತ್ತಿಕೊಂಡು ನನ್ನ ಮಂಚದ ಕೆಳಗೆ ಮಲಗಿತ್ತು. ಪಾಪ, ಆ ಕಂಪನಿಯವರದು ಒಂದು ತಪ್ಪೂ ಇಲ್ಲ.

ಯಾಕೆ ಸುಳ್ಳು ಹೇಳಿದೆ ಅಂದರೆ, ಮೊದಲಿಂದ ಹೇಳಬೇಕು.

ನಿನ್ನ ಲವಾನ್ ತೀರಿಕೊಂಡ ಮೇಲೆ ನೀನು ಒಂದೊಂದಾಗಿ ಎಲ್ಲ ಕೊಟ್ಟುಬಿಡಲು ಶುರು ಮಾಡಿದೆ. ಜಿಂಕೆ ಬೇಟೆಯ ಕೋವಿಗಳನ್ನು ಅಕ್ಕನ ಮಗನಿಗೆ ಕೊಟ್ಟೆ. ಕುದುರೆಯ ಜೀನನ್ನು ಪಕ್ಕದ ಹೊಲದ ಹುಡುಗಿಗೆ ಕೊಟ್ಟೆ. ನಾಯಿಯನ್ನೂ ಕೊಟ್ಟಾಗ ಆರ್ಡಿಸ್ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ, "ಹೆಂಡತಿ ಸತ್ತೋರು ನಾಯೀನ ಹತ್ರ ಇಟ್ಕೋತಾರೆ, ಕೊಡೋದಿಲ್ಲ," ಅಂದಳು. ಆ ಮಾತು ನನ್ನ ತಲೆಯೊಳಗೆ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಅದೇ ವಾರ ನೀನು ನನ್ನ ಕೋವಿ ರಿಪೇರಿ ಶೆಡ್ಡಿಗೆ ಬಂದೆ. ಉಳಿದಿದ್ದ ಒಂದೇ ಒಂದು ಕೋವಿ, ಬಿಲ ತೋಡುವ ಗೋಫರ್‌ಗಳನ್ನು ಹೊಡೆಯುವ ಆ ಸಣ್ಣ ಟ್ರಿಪಲ್ ಟೂ, ಅದನ್ನು ಬೆಂಚಿನ ಮೇಲೆ ಇಟ್ಟು ಹೇಳಿದೆ, "ಓರ್ಲಿನ್, ಪೂರ್ತಿ ಬಿಚ್ಚಾಕು. ಹೊಸದಾಗಿ ಕಟ್ಟು. ಅವಸರ ಏನಿಲ್ಲ."

ಹುಲ್ಲು ಬಲಿಯುವ ಮೊದಲೇ ಕೊಯ್ಯಲು ಹೊರಡುವ ನಿನ್ನ ಬಾಯಲ್ಲಿ 'ಅವಸರ ಇಲ್ಲ' ಎಂಬ ಮಾತನ್ನು ನಾನು ಕೇಳಿದ್ದು ಅವತ್ತೇ. ಎಲ್ಲವನ್ನೂ ಕೊಟ್ಟುಬಿಡುವ ಮನುಷ್ಯನಿಗೆ ಕೋವಿ ಮಾತ್ರ ಹೊಸದಾಗಿ ಯಾಕೆ ಬೇಕು? ಕೇಳಬೇಕಿತ್ತು. ಕೇಳಲಿಲ್ಲ. "ನಳಿಗೆ ಸತ್ತಿದೆ ಕಣೋ," ಅಂದೆ ನಾನು. ಅದು ನಿಜವೇ. ಇಷ್ಟು ವರ್ಷ ಗೋಫರ್ ಹೊಡೆದೂ ಹೊಡೆದೂ ತೋಟೆ ಕೂರುವ ಜಾಗದ ಮುಂದೆ ಉಕ್ಕು ಸುಟ್ಟು, ಬತ್ತಿದ ಹೊಂಡದ ಕೆಸರಿನ ಹಾಗೆ ಬಿರುಕು ಬಿಟ್ಟಿತ್ತು. ಆದರೆ ಆಮೇಲೆ ಹೇಳಿದ್ದೆಲ್ಲ ಸುಳ್ಳು. ಮರದ ಹಿಡಿ ಸೀಳಿದೆ ಅಂದೆ. ಅದು ಸೀಳಿರಲಿಲ್ಲ, ನಿನ್ನ ಟ್ರಕ್ಕಿನ ಬಾಗಿಲು ತಗುಲಿ ಆದ ಗೀರು ಅಷ್ಟೇ. ಟ್ರಿಗರ್ ಸವೆದಿದೆ ಅಂದೆ. ಅದು ಇನ್ನೂ ನನ್ನ ಕಾಲಕ್ಕೂ ಬರುತ್ತಿತ್ತು. ನಿನ್ನನ್ನು ಶೆಡ್ಡಿಗೆ ಬರುವಂತೆ ಮಾಡಬೇಕಿತ್ತು, ಕೋವಿ ಮಾತ್ರ ಮನೆಗೆ ಹೋಗಬಾರದಿತ್ತು. ನನ್ನ ದಡ್ಡ ತಲೆಗೆ ಹೊಳೆದ ಉಪಾಯ ಅಷ್ಟೇ.

ನಳಿಗೆಯೊಳಗಿನ ಸುರುಳಿ ಗೆರೆ ಹನ್ನೆರಡು ಇಂಚಿಗೆ ಒಂದು ಸುತ್ತು ಬರಬೇಕೋ, ಹದಿನಾಲ್ಕು ಇಂಚಿಗೋ ಎಂದು ಎಷ್ಟು ಜಗಳವಾಡಿದೆವು! ನಮ್ಮ ಕಡೆಯ ಗಾಳಿಗೆ ಸ್ವಲ್ಪ ಭಾರದ ಗುಂಡೇ ಸರಿ, ಅದಕ್ಕೆ ಹನ್ನೆರಡೇ ಬೇಕು ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಆದರೂ ಹದಿನಾಲ್ಕು, ಹದಿನಾಲ್ಕು ಎಂದು ಹಟ ಹಿಡಿದೆ. ನೀನು ಸಿಟ್ಟಿನಿಂದ ಎದ್ದು ಹೋಗುತ್ತಿದ್ದೆ, ಮುಂದಿನ ವಾರ ಹೊಸ ವಾದ ಹೊತ್ತುಕೊಂಡು ಬರುತ್ತಿದ್ದೆ. ದಪ್ಪ ನಳಿಗೆ ಬಿಸಿ ತಡೆಯುತ್ತದೆ, ತೆಳುವಾದದ್ದು ಹೊರಲು ಹಗುರ ಎಂದು ನಾನು ಇನ್ನೊಂದು ತಿಂಗಳು ಎಳೆದೆ. ಮರದ ವಿಷಯ ಬಂದಾಗ ನಾನು ಪದರ ಪದರ ಅಂಟಿಸಿದ ಹಿಡಿಯ ಚಿತ್ರ ತೋರಿಸಿದೆ. "ಥೂ, ಇದು ಚರ್ಚಿನ ನೆಲಮಾಳಿಗೆ ಮೇಜಿನ ಥರ ಇದೆ ಕಣೋ. ಇದನ್ನ ಭುಜಕ್ಕೆ ಆನಿಸಿದ್ರೆ ಯಾರಾದ್ರೂ ಬಂದು ಕಾಫಿ ಕಪ್ ಇಟ್ಟು ಹೋಗ್ತಾರೆ," ಅಂದೆ ನೀನು. ಬಾಗಿಲಲ್ಲಿ ನಿಂತಿದ್ದ ಆರ್ಡಿಸ್ ನಕ್ಕಳು. ಅವತ್ತು ನೀನು ಅವಳ ರೂಬಾರ್ಬ್ ಪೈಯನ್ನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ. ನಾನು ಗಟ್ಟಿ ಟ್ರಿಗರ್ ಹಾಕುತ್ತೇನೆ ಅಂದಾಗ, "ಇದನ್ನ ಎಳೆಯೋಕೆ ನನ್ನ ಹೋರಿನೇ ಕಟ್ಬೇಕು," ಎಂದು ನೀನು ರೇಗಿಸಿದೆ. ನಾನು ಬಗ್ಗಲಿಲ್ಲ. ಗಟ್ಟಿಯದನ್ನೇ ತರಿಸಿದೆ. ಯಾಕೆಂದು ನಿನಗೀಗ ತಿಳಿದಿರಬೇಕು.

ಇನ್ನೊಂದು ಹೇಳಬೇಕು, ಇದೇ ದೊಡ್ಡದು. ನೀನು ಕೋವಿ ತಂದ ದಿನ, ನಿನ್ನ ಟ್ರಕ್ಕು ಗೇಟು ದಾಟುವ ಮೊದಲೇ ನಾನು ಬೋಲ್ಟನ್ನು, ತೋಟೆ ಸಿಡಿಸುವ ಪಿನ್ನು ಕೂರುವ ಆ ಉಕ್ಕಿನ ತುಂಡನ್ನು, ಎಳೆದುಕೊಂಡು ಓಡಿದೆ. ಬೋಲ್ಟ್ ಇಲ್ಲದ ಕೋವಿ ಊರುಗೋಲಿಗೆ ಸಮ, ಅಲ್ಲವೇ? ಚಿಂದಿಯಲ್ಲಿ ಸುತ್ತಿ ನೆಲಮಾಳಿಗೆಯ ಆಲೂಗಡ್ಡೆ ಪೆಟ್ಟಿಗೆಯ ತಳದಲ್ಲಿ ಹೂತಿಟ್ಟೆ. ಯಾವ ಕೋವಿ ಬಂದರೂ ಮೊದಲು ಬೋಲ್ಟ್ ಬಿಚ್ಚಿ ನೋಡುವವನು ನಾನು. ಇದನ್ನು ಬಿಚ್ಚಲೇ ಇಲ್ಲ. ಮುಟ್ಟಲೂ ಭಯ.

ನೀನೋ, ಬಂದಾಗೆಲ್ಲ ಅದನ್ನೇ ಕೇಳುತ್ತಿದ್ದೆ. "ಬೋಲ್ಟ್ ಒಳಗೆ ನೋಡಿದ್ಯಾ?"

"ನೋಡ್ದೆ ನೋಡ್ದೆ," ಅನ್ನುತ್ತಿದ್ದೆ. ಒಂದು ಸಲ ಸುಮ್ಮನಿರಲಾರದೆ, "ಫಸ್ಟ್ ಕ್ಲಾಸ್ ಆಗಿದೆ ಕಣೋ, ಪಿನ್ನಂತೂ ಹೊಸದರ ಹಾಗಿದೆ," ಎಂದೂ ಸೇರಿಸಿದೆ. ನೀನು ನನ್ನ ಮುಖವನ್ನೇ ನೋಡಿದೆ. ಆಮೇಲೆ ನಕ್ಕೆ ನೋಡು, ಕಾಫಿ ಮೂಗಿಗೆ ಹತ್ತಿ, ಬೆಂಚು ಹಿಡಿದುಕೊಂಡು ನಕ್ಕೆ. ಲವಾನ್ ಹೋದ ಮೇಲೆ ನೀನು ಹಾಗೆ ನಕ್ಕಿದ್ದು ಅದೇ ಮೊದಲು. ನಾನು "ಯಾಕೋ?" ಅಂದರೆ, "ಏನಿಲ್ಲ ಬಿಡೋ. ನೀನು ಒಳ್ಳೆಯವನು, ಆದ್ರೆ ಕಳ್ಳ," ಅಂದೆ ನೀನು. ಆಲೂಗಡ್ಡೆ ಪೆಟ್ಟಿಗೆ ನಿನಗೆ ತಿಳಿದುಹೋಯಿತೇನೋ ಅಂದುಕೊಂಡು ಮಾರನೆಯ ದಿನವೇ ಹಿಟ್ಟಿನ ಡಬ್ಬಕ್ಕೆ ಸ್ಥಳ ಬದಲಾಯಿಸಿದೆ. ಆರ್ಡಿಸ್ ಬ್ರೆಡ್ಡು ಮಾಡಲು ಹೋಗಿ ಸೌಟಿಗೆ ಉಕ್ಕು ಸಿಕ್ಕಾಗ ನನಗೆ ಸರಿಯಾಗಿ ಬೈಗುಳ.

ನನ್ನ ಅಪ್ಪನ ವಿಷಯ ನಿನಗೆ ಗೊತ್ತು. ನಾನು ಶಾಲೆ ಬಿಟ್ಟಿದ್ದು ಯಾಕೆ ಎಂಬುದೂ ಗೊತ್ತು. ಅಪ್ಪ ಆ ಚಳಿಗಾಲವೆಲ್ಲ ಮಾತು ಬಿಟ್ಟಿದ್ದ. ಮನೆಯಲ್ಲಿ ಎಲ್ಲರೂ ನೋಡುತ್ತಿದ್ದರು. ಅವನ ಕೋವಿ ಮಾತ್ರ ಅಡಿಗೆಮನೆ ಬಾಗಿಲ ಹಿಂದೆ ಎಂದಿನ ಹಾಗೆ ಒರಗಿಕೊಂಡೇ ಇತ್ತು. ಯಾರೂ ಅದನ್ನು ಎತ್ತಿಡಲಿಲ್ಲ. ಯಾರೂ ಅವನನ್ನು ಕೇಳಲೂ ಇಲ್ಲ. ಈ ಸಲ ಎತ್ತಿಟ್ಟೆ. ಆದರೆ ಕೇಳಲು ನನಗೂ ಬಾಯಿ ಬರಲಿಲ್ಲ. ಸುಳ್ಳಿನ ಮೇಲೆ ಸುಳ್ಳು ಹೇಳಿ ನಿನ್ನನ್ನು ಮಗುವಿನ ಹಾಗೆ ನಡೆಸಿಕೊಂಡೆ. ನನ್ನ ಭಯವೇ ತಪ್ಪಾಗಿದ್ದರೆ, ಗೆಳೆಯನ ಮೇಲೆ ಇಂಥ ಅನುಮಾನ ಇಟ್ಟುಕೊಂಡ ಪಾಪಿ ನಾನು. ಸರಿಯಾಗಿದ್ದರೆ, ಇಷ್ಟು ದಿನ ನಿನ್ನನ್ನು ಒಬ್ಬನೇ ಬಿಟ್ಟು ಕಬ್ಬಿಣದ ಮಾತಾಡುತ್ತಾ ಕೂತ ಪಾಪಿ. ಹೇಗೆ ತಿರುಗಿಸಿ ನೋಡಿದರೂ ಪಾಪಿಯಾಗಿ ಉಳಿಯುವವನು ನಾನೇ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ನೀನು, "ಶನಿವಾರ ಬರ್ತೀನಿ. ಗೋಫರ್‌ಗಳು ಲವಾನ್‌ಳ ತೋಟಾನೆಲ್ಲ ತೂತು ಮಾಡಿವೆ. ಹೇಗಿದ್ರೆ ಹಾಗೆ ಕೋವಿ ತಗೊಂಡು ಹೋಗ್ತೀನಿ," ಅಂದೆ. ಅಲ್ಲಿಂದ ನನಗೆ ಅನ್ನಾಹಾರ ಸೇರುತ್ತಿಲ್ಲ. ಆರ್ಡಿಸ್‌ಗೆ ಸಾಕಾಗಿ ಹೋಗಿದೆ. "ಡಬ್ಬದಿಂದ ಡಬ್ಬಕ್ಕೆ ಇನ್ನೆಷ್ಟು ದಿನ ಬಚ್ಚಿಡ್ತೀಯ? ಅವನನ್ನ ಕೇಳು. ಬಾಯಲ್ಲಿ ಆಗ್ಲಿಲ್ವಾ, ಬರೆದು ಕೇಳು," ಅಂದಳು.

ಕೇಳುತ್ತಿದ್ದೇನೆ. ವರ್ಡೆಲ್, ನಿನಗೆ ಸಾಯಬೇಕು ಅನಿಸುತ್ತಿದೆಯಾ?

ಬರೆದುಬಿಟ್ಟೆ. ಹೌದು ಅಂದರೂ ನಾನು ಹೆದರಿ ಓಡುವುದಿಲ್ಲ. ಓಡುವಷ್ಟು ಮೊಣಕಾಲೂ ಗಟ್ಟಿಯಿಲ್ಲ. ಪಟ್ಟಣದಲ್ಲಿ ಆ ಹೊಸ ಡಾಕ್ಟರಮ್ಮ ಇದ್ದಾಳಲ್ಲ, ನಾನೇ ಕರೆದುಕೊಂಡು ಹೋಗುತ್ತೇನೆ. ನೀನು ಒಳಗೆ ಮಾತಾಡಿ ಮುಗಿಸುವವರೆಗೆ ಹೊರಗೆ ಟ್ರಕ್ಕಿನಲ್ಲಿ ಕೂತಿರುತ್ತೇನೆ. ಇಲ್ಲ ಅಂದರೆ ನನ್ನನ್ನು ಬೇಕಾದಷ್ಟು ಬೈದುಕೋ, ತಲೆ ತಗ್ಗಿಸಿ ಕೇಳುತ್ತೇನೆ. ಎರಡರಲ್ಲಿ ಯಾವುದಾದರೂ ಸರಿ, ಬಾ. ಬಾರದೆ ಮಾತ್ರ ಇರಬೇಡ. ಈ ಕಾಗದ ಸಿಕ್ಕಿದ ಕೂಡಲೇ ಒಂದು ಫೋನ್ ಮಾಡು. ನಾನು ಫೋನಿನ ಪಕ್ಕದ ಗೋಡೆಗೆ ಒರಗಿಕೊಂಡು ಕಾಯುತ್ತಿರುತ್ತೇನೆ.

ನಿನಗೆ ಸುಳ್ಳು ಹೇಳಿದವನು, ನಿನ್ನವನೇ ಆದ
ಓರ್ಲಿನ್

ಆಮೇಲೆ ಸೇರಿಸಿದ್ದು: ಕಾಗದ ಮಡಿಸಿದ ಮೇಲೆ ಇನ್ನು ಬಚ್ಚಿಡುವುದು ಏನಿದೆ ಎಂದು ಹಿಟ್ಟು ಕೊಡವಿ ಬೋಲ್ಟ್ ಬಿಚ್ಚಿದೆ. ಪಿನ್ನಿಗೆ ಮೂತಿಯೇ ಇಲ್ಲ. ಆ ಮೂತಿ ಹೋಗಿ ಬಡಿದರೆ ತಾನೆ ತೋಟೆ ಸಿಡಿಯುವುದು? ಯಾರೋ ಅದನ್ನು ಉಜ್ಜಿ ಉಜ್ಜಿ ಮೊಂಡು ಮಾಡಿದ್ದಾರೆ. ಗೀರುಗಳು ಒರಟು, ಕುದುರೆಯ ಗೊರಸು ಉಜ್ಜುವ ಅರದವು. ಅಷ್ಟು ಒಡ್ಡೊಡ್ಡಾಗಿ ಅರ ಉಜ್ಜುವವನು ನಮ್ಮ ಕಡೆ ನೀನೊಬ್ಬನೇ. ಉಜ್ಜಿದ ಜಾಗಕ್ಕೆ ತುಕ್ಕು ಹಿಡಿದಿದೆ. ಅಂದರೆ ಇಲ್ಲಿಗೆ ತರುವ ಮೊದಲೇ, ಮನೆಯಲ್ಲಿ ಒಬ್ಬನೇ ಕೂತು, ನಿನ್ನ ಕೈಗೆ ನೀನೇ ಹೆದರಿ, ಇದನ್ನು ಮಾಡಿದ್ದೀಯ. ಅದು ಯಾವ ದಿನವೋ, ಎಂಥ ದಿನವೋ. ನೀನು ಕೇಳಿದಾಗೆಲ್ಲ ನಾನು ಒಳಗೆ ನೋಡಬೇಕಿತ್ತು. ಕ್ಷಮಿಸು.

ಹೊಸ ಪಿನ್ನು ತರಿಸುವುದಿಲ್ಲ. ನೀನಾಗಿ ಬಂದು ತರಿಸು ಅನ್ನುವವರೆಗೆ ಇಲ್ಲ. ತೋಟದ ಗೋಫರ್‌ಗಳಿಗೆ ನನ್ನ ಕೋವಿ ತರುತ್ತೇನೆ, ನೀನು ಬಿಲ ತೋರಿಸಿದರೆ ಸಾಕು. ಫೋನ್ ಮಾಡುವುದೂ ಬೇಡ, ಈ ಕಾಗದವನ್ನು ಅಂಚೆಗೂ ಹಾಕುವುದಿಲ್ಲ. ನಾನೇ ಹಿಡಿದುಕೊಂಡು ಈಗಲೇ ಹೊರಟಿದ್ದೇನೆ. ನಿನ್ನೆದುರಿಗೇ ಕೂತಿರುತ್ತೇನೆ, ಓದು.