ದೊಡ್ಡಮ್ಮನ ನಗು

ಹಲ್ಲಿನ ಡಾಕ್ಟರಿಗೆ ನಮಸ್ಕಾರಗಳು.

ನಾವು ನಿಮಗೆ ಕಳಿಸಿದ ಫೋಟೋದ ಸಂಗತಿಯನ್ನು ನಮಗೆ ಹೇಳಿದ್ದು ಅಮ್ಮನೇ, ಮೊನ್ನೆ ಭಾನುವಾರ ಊಟಕ್ಕೆ ಕೂತಾಗ.

ಅಮ್ಮನ ಹೊಸ ಹಲ್ಲುಗಳನ್ನು ಕಂಪ್ಯೂಟರಿನಲ್ಲಿ ರೂಪಿಸಲು ನೀವು ಅವರು ಹರೆಯದಲ್ಲಿ ನಕ್ಕ ಫೋಟೋ ಕೇಳಿದಿರಿ. ಪೆಟ್ಟಿಗೆಯೆಲ್ಲ ಜಾಲಾಡಿ ಸಿಕ್ಕಿದ್ದೊಂದನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದೆ. ಆ ನಗುವನ್ನು ಅಮ್ಮನ ಮುಖಕ್ಕೆ ಕೂರಿಸಿ ನೀವು ಪರದೆಯ ಮೇಲೆ ತೋರಿಸಿದ ದಿನ ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು, ಅಷ್ಟೇ.

"ಅದು ನಾನಲ್ಲ ಕಣೇ, ನನ್ನಕ್ಕ," ಎಂದರು ಭಾನುವಾರ. "ನಾನು ಬಾಯಿಗೆ ಕೈ ಅಡ್ಡ ಇಟ್ಕೊಂಡು ನಗ್ತಿದ್ದೆ. ಹಲ್ಲು ಬಿಟ್ಟು ನಗೋ ಧೈರ್ಯ ಇದ್ದಿದ್ದು ಅವಳಿಗೇ."

ಆ ದೊಡ್ಡಮ್ಮ ನಾವು ಹುಟ್ಟುವ ಮೊದಲೇ ತೀರಿಕೊಂಡವರು.

"ಅಯ್ಯೋ, ಡಾಕ್ಟರಿಗೆ ಹೇಳಿ ಬದಲಾಯಿಸೋಣಮ್ಮ," ಎಂದೆ.

"ಸುಮ್ನಿರೇ! ಅವಳ ಹಳೇ ಬಟ್ಟೆ ಎಲ್ಲಾ ನಂಗೇ ಬರ್ತಿದ್ದಿದ್ದು. ನಗು ಒಂದು ಬಾಕಿ ಇತ್ತು, ಬರ್ಲಿ ಬಿಡು."

ಆದ್ದರಿಂದ ಗುರುವಾರ ಹಲ್ಲು ತಯಾರಾಗುವ ಮೊದಲು ಒಂದು ಕೋರಿಕೆ. ಫೋಟೋದಲ್ಲಿ ಎಡಗಡೆಯ ಮುಂದಿನ ಹಲ್ಲು ಪಕ್ಕದ್ದರ ಮೇಲೆ ಚೂರು ಏರಿ ಕೂತಿದೆ. ಕಂಪ್ಯೂಟರು ಅದನ್ನು ನೆಟ್ಟಗೆ ಮಾಡಿಬಿಟ್ಟಿದೆ. ದಯವಿಟ್ಟು ಇದ್ದ ಹಾಗೇ ಇರಲಿ.

ಭಾನುವಾರದ ಮರುದಿನ ಬೆಳಿಗ್ಗೆಯೇ ತಮ್ಮನೂ ನಾನೂ ಹೋಗಿ ಆ ಫೋಟೋಗೆ ಕಟ್ಟು ಹಾಕಿಸಿ ತಂದೆವು. ಅಲ್ಲಿಯವರೆಗೆ ನಮ್ಮ ಮನೆಯ ಗೋಡೆಯ ಮೇಲೆ ದೊಡ್ಡಮ್ಮ ಇರಲಿಲ್ಲ.

ಇಂತಿ,
ನಿಮ್ಮ ಪೇಷಂಟಿನ ಹಿರಿಮಗಳು