ತೆಂಗಿನ ತಲೆಯನ್ನು ನೆಲವೆಂದ ನಕಾಶೆ

ತಾರ್ನಾಕ, ಹೈದರಾಬಾದ್
೧೨ ಜೂನ್ ೨೦೨೪

ಸಂಗಾತಿ ಕುಮುದಾಗೆ ಬಸಲಿಂಗಮ್ಮನ ಶರಣು.

ನಕಾಶೆ ಕಚೇರಿಗೆ ಹೋಗಿ ಬಂದ ದಿನವೇ ಬರೆಯಬೇಕಿತ್ತು, ಕೈ ಬರಲಿಲ್ಲ. ತಡವಾದದ್ದಕ್ಕೆ ಮೊದಲು ಬೈದುಬಿಡು, ಆಮೇಲೆ ಓದು. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು.

ಕಡಲು ಏರಿದರೆ ಯಾವ ಊರಿಗೆ ಎಷ್ಟು ಅಪಾಯ ಎಂಬ ನಕಾಶೆಯನ್ನು ನಿಮ್ಮ ಕೇರಿಗೇ ತಂದು ತೋರಿಸುತ್ತೇವೆ ಎಂದಿದ್ದರು ಸರಕಾರದವರು, ತೋರಿಸಲಿಲ್ಲ. ಕನ್ನಡದಲ್ಲಿ ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ತಡೆಗೋಡೆ ಕಟ್ಟುತ್ತೇವೆ ಎಂದಿದ್ದರು. ನಕಾಶೆಯ ಪ್ರಕಾರ ನಿಮ್ಮ ಕೇರಿ ಸುರಕ್ಷಿತ, ಗೋಡೆ ಬೇಕಿಲ್ಲ ಎಂದರು. ಮಳೆಗಾಲದಲ್ಲಿ ನಿನ್ನ ಒಲೆಯವರೆಗೆ ಉಪ್ಪುನೀರು ಬರುತ್ತದೆ, ಕೇರಿ ಸುರಕ್ಷಿತವಂತೆ.

ಆ ನಕಾಶೆ ತಯಾರಾಗುವುದು ಇಲ್ಲಿ, ಬೇಗಂಪೇಟೆಯ ಒಂದು ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಅಲ್ಲಿಯ ಸಾಹೇಬರು ನನ್ನ ಕೆಂಪು ಚೀಲ ನೋಡಿ, ಧರಣಿ ಮಾಡುವುದಿದ್ದರೆ ಟ್ಯಾಂಕ್‌ಬಂಡ್ ಕೆರೆಯ ಏರಿಗೆ ಹೋಗಿ ಅಮ್ಮಾ, ಈ ಊರಲ್ಲಿರುವ ಸಮುದ್ರ ಅದೊಂದೇ ಎಂದು ನಕ್ಕರು. "ನಕಾಶೆ ಇಲ್ಲಿ ಬರಿಯಾಕತ್ತೀರಿ ಅಂದಮ್ಯಾಲ ಸಮುದ್ರಾನೂ ಇಲ್ಲೇ ಐತ್ರಿ ಸಾಹೇಬ್ರ," ಎಂದು ಕುರ್ಚಿ ಎಳೆದುಕೊಂಡು ಕೂತೆ. ಮಧ್ಯಾಹ್ನದ ಹೊತ್ತಿಗೆ ನನ್ನಿಂದ ಬೇಸತ್ತು, ನಕಾಶೆ ಮಾಡುವ ಪೂರ್ವಿ ಎಂಬ ಹುಡುಗಿಯ ಬಳಿಗೆ ಕಳಿಸಿದರು. ಮಂಗಳೂರು ಕಡೆಯವಳು.

ಕುಮುದಾ, ಅವಳ ಕೋಣೆಗೆ ಹೋದೆ. ಗೋಡೆಯಗಲದ ಪರದೆಯ ಮೇಲೆ ನಿಮ್ಮ ಇಡೀ ಕರಾವಳಿ ಮಲಗಿತ್ತು. ಹೊಳೆಗಳು ಕಡಲಿಗೆ ಬಾಯಿ ತೆರೆದದ್ದು, ಮರಳುದಿಣ್ಣೆಗಳ ಬೆನ್ನು, ಉಗುರಿನಷ್ಟು ನಿಮ್ಮ ಮೀನು ಒಣಗಿಸುವ ಅಂಗಳ. ನಾನೂ ನನ್ನ ಗಂಡನೂ ನಿಮ್ಮೊಂದಿಗೆ ಧರಣಿ ಕೂತ ಕೇರಿ ಅದು. ಅದಕ್ಕೆ ಎತ್ತರದ ನೆಲದ ಹಸಿರು ಬಣ್ಣ ಬಳಿದಿತ್ತು.

"ಯವ್ವಾ, ನಮ್ಮ ಕೇರಿ ಯಾವಾಗ ಗುಡ್ಡ ಹತ್ತಿತು?" ಎಂದೆ.

ಹುಡುಗಿ ಹತ್ತಿರ ಹೋಗಿ ನೋಡಿದಳು. ಮುಖ ಸಪ್ಪಗಾಯಿತು. "ಅದು ನೆಲ ಅಲ್ಲ ಅಮ್ಮ, ತೆಂಗಿನ ತಲೆ. ಉಪಗ್ರಹಕ್ಕೆ ಮೇಲಿನಿಂದ ಅದೇ ಮೊದಲು ಸಿಗುವುದು. ನಾವು ಅದನ್ನೇ ನೆಲ ಅಂತ ಬರ್ಕೊಂಡಿದ್ದೇವೆ."

ಅವಳು ಮರಗಳ ಎತ್ತರವನ್ನು ಲೆಕ್ಕದಿಂದ ಕಳೆದಳು. ಆಮೇಲೆ ಪರದೆಯ ಮೇಲೆ ಕಡಲನ್ನು ಅರ್ಧ ಮೀಟರು ಏರಿಸಿದಳು. ಸದ್ದಿಲ್ಲ, ಅಲೆಯಿಲ್ಲ. ಹೊಳೆಯ ಬಾಯಿಂದ ನೀಲಿ ಒಳಗೆ ಬಂತು, ಹಿತ್ತಲುಗಳ ಹಿಂದಿನಿಂದ ಸುತ್ತಿ, ನಿಮ್ಮ ಮನೆಗಳನ್ನು ಬೆನ್ನಿನ ಕಡೆಯಿಂದ ಹಿಡಿಯಿತು. ಲಾಠಿಗೆ ಅಂಜದವಳು ನಾನು. ಅಷ್ಟು ದೊಡ್ಡದರ ಎದುರು ಎದ್ದು ನಿಂತೆ, ಯಾಕೆ ನಿಂತೆನೋ ಗೊತ್ತಿಲ್ಲ.

ಪೂರ್ವಿ ಹೇಳಿದಳು, ತಿಂಗಳ ಕೊನೆಯೊಳಗೆ ಕೇರಿಯವರು ತಕರಾರು ಬರೆದುಕೊಟ್ಟರೆ, ನೆಲದ ಮೇಲೆ ನಡೆದು ಮತ್ತೆ ಅಳೆಯಲೇಬೇಕಂತೆ. ಬರೆಯದಿದ್ದರೆ ಈ ಸುಳ್ಳೇ ಕಾಯಂ. ನಿಜ ಬರೆಸಿದರೆ ಅದನ್ನೇ ನೆಪ ಮಾಡಿ ಕೇರಿಯನ್ನೇ ಎಬ್ಬಿಸುತ್ತಾರೆ ಎಂದು ನಿಮ್ಮವರು ಹೆದರುತ್ತಾರೆ. ಹೆದರಿಕೆ ಸುಳ್ಳಲ್ಲ. ಅದಕ್ಕೇ ತಕರಾರಿನಲ್ಲಿ ಇನ್ನೊಂದು ಸಾಲು ಇರಲಿ: ಗೋಡೆ ಬೇಕು, ಏಳುವ ದಿನ ಬಂದರೆ ಇಡೀ ಕೇರಿಗೆ ಒಟ್ಟಿಗೆ, ಕಡಲಿನ ಕೂಗಳತೆಯಲ್ಲೇ ಜಾಗ ಕೊಡಬೇಕು. ದೋಣಿಗಳು ದಡದಲ್ಲಿರುವ ತಿಂಗಳಿದು, ಎಲ್ಲರೂ ಸಿಗುತ್ತಾರೆ. ಸಭೆ ಕರೆ, ನಾನು ಬರುತ್ತೇನೆ.

ನಿನ್ನ ಮೊಮ್ಮಗಳು ಒಣನೆಲದ ಮೇಲೆ ಓಡಾಡಿ ಬೆಳೆಯಲಿ. ನಿನ್ನ ಮಂಡಿನೋವು ಇಳಿಯಲಿ.

ನಿನ್ನ
ಬಸಲಿಂಗಮ್ಮ

ಮರೆತಿದ್ದೆನೆಂದು ತಿಳಿಯಬೇಡ, ಬರೆಯಲಾಗದೆ ಉಳಿಸಿಕೊಂಡದ್ದು: ಎಲ್ಲಕ್ಕಿಂತ ಮೊದಲು ನೀಲಿಯಾದದ್ದು ಒಣಗಿಸುವ ಅಂಗಳದ ಆಚೆಯ ಜೋಡಿ ತೆಂಗಿನ ಬುಡ. ಅಲ್ಲಿ ಯಾರ ಮನೆ ಎಂದು ಪೂರ್ವಿ ಕೇಳಿದಳು. ನಾನು ಹೇಳಲಿಲ್ಲ. ನನ್ನ ಶಾಂತಕುಮಾರ ಧರಣಿಯಲ್ಲಿ ಕೂತಲ್ಲೇ ಎದೆ ಹಿಡಿದುಕೊಂಡು ಹೋದಾಗ, ಸುಡುವ ಪದ್ಧತಿಯ ನೀವು ನಮ್ಮ ಪದ್ಧತಿ ಕೇಳಿ ತಿಳಿದು, ಅವನನ್ನು ಅಲ್ಲಿ ಕೂರಿಸಿಯೇ ಮಣ್ಣು ಕೊಟ್ಟಿರಿ. ಕಡಲಿಗೆ ಮುಖ ಮಾಡಿ ಕೂರಿಸಿ ಎಂದು ಕೇಳಿಕೊಂಡವಳು ನಾನು. ಅವನಿನ್ನೂ ಹಾಗೇ ಕೂತಿದ್ದಾನೆ ಕುಮುದಾ, ನೀರು ಅವನ ಮುಂದೆಯೇ ಬರುತ್ತಿದೆ. ಅವನನ್ನು ಎಬ್ಬಿಸುವುದು ಬೇಡ. ಸಭೆಯನ್ನು ಶಾಲೆಯಲ್ಲಿ ಕರೆಯಬೇಡ, ಅವನ ಪಕ್ಕದಲ್ಲಿ ಕರೆ. ಜೂನ್ ೨೩, ರವಿವಾರ, ಬೆಳಿಗ್ಗೆ ಹತ್ತು ಗಂಟೆ.