ಅಗಿದು ನೀರು ಮಾಡುವ ಮನೆ

ಕ್ಲಿನಿಕ್ಕಿನ ಹಿಂದಿನ ಕೋಣೆಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಅಕ್ಕಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹಾಸ್ಟೆಲಿನ ಹುಡುಗಿಯರು ನೀನು ದೀಪ ಆರಿಸಿ ಹೋದ ಮೇಲೆ ಈಗಲೂ ನಿನಗೆ ಬೈಯುತ್ತಾರೋ, ಇಲ್ಲ ವಾರ್ಡನ್ ಅಂದರೆ ಹೀಗೇ ಎಂದು ಒಪ್ಪಿಕೊಂಡಿದ್ದಾರೋ? ನನ್ನ ಅಕ್ಷರ ನೋಡಿ ನಗಬೇಡ. ಇಂಗ್ಲಿಷಿನಲ್ಲಿ ಬರೆಯಲು ಕೂತಿದ್ದೆ, ಅದು ಯಾರದೋ ಮನೆಯ ಸಂಸಾರದಂತೆ ಕಾಣಿಸತೊಡಗಿತು, ಹರಿದು ಹಾಕಿದೆ. ಫೋನ್ ಮಾಡೋಣವೆಂದರೆ ಮನೆಯ ಗೋಡೆಗಳು ತೆಳ್ಳಗೆ, ಇಲ್ಲಿ ನಮ್ಮ ಡಾಕ್ಟರಮ್ಮನ ಕಿವಿ ಚುರುಕು.

ಮೊದಲು ಒಳ್ಳೆಯ ಸುದ್ದಿ. ನಾನು ಸುಖವಾಗಿದ್ದೇನೆ, ನಾಚಿಕೆಯಾಗುವಷ್ಟು ಸುಖವಾಗಿದ್ದೇನೆ. ಇವರು ಲಿಫ್ಟ್ ರಿಪೇರಿಗೆ ಹೋದ ಕಟ್ಟಡದಿಂದೆಲ್ಲ ಫೋನ್ ಮಾಡಿ, "ಮೇಲಿನ ಮಹಡೀಲಿದ್ದೀನಿ, ನಿಮ್ಮ ಕ್ಲಿನಿಕ್ಕಿನ ಬೋರ್ಡು ಕಾಣ್ತಿದೆ, ಕಿಟಕಿ ಹತ್ರ ಬಾ" ಎನ್ನುತ್ತಾರೆ. ನಾನು ಕೈಗವಸು ಹಾಕಿದ ಕೈಯನ್ನೇ ಬೀಸುತ್ತೇನೆ. ಇವರ ಕತ್ತಿನ ಹಿಂದೆ ಒಂದು ಮಚ್ಚೆಯಿದೆ, ಅದರ ಬಗ್ಗೆಯೇ ಒಂದು ಪುಟ ಬರೆಯಬಲ್ಲೆ, ಬರೆಯುವುದಿಲ್ಲ, ಹೆದರಬೇಡ. ಲಿಫ್ಟಿನವರ ಮನೆಯಾದರೂ ಇಲ್ಲಿ ಯಾರೂ ಲಿಫ್ಟ್ ಹತ್ತುವುದಿಲ್ಲ. ತರಕಾರಿ ಚೀಲ ಹೊತ್ತುಕೊಂಡು ಮೂರನೇ ಮಹಡಿಗೆ ಮೆಟ್ಟಿಲಲ್ಲೇ ಬರಬೇಕು. "ಲಿಫ್ಟಿರೋದು ಕಾಯಿಲೆಯವರಿಗೆ" ಎಂದು ಮಾವ ಮೆಟ್ಟಿಲ ಕೆಳಗಿನಿಂದಲೇ ಸಾರುತ್ತಾರೆ. ಅತ್ತೆ ಕೈಗೆ ಬಂದ ಸೊಸೆಯನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದಾರೆ. ಇದರಲ್ಲೆಲ್ಲ ನನಗೆ ತಕರಾರಿಲ್ಲ.

ತಕರಾರು ಊಟದ ಮೇಜಿನದು. ನಾನು ನನ್ನ ಗಂಡನ ಜೊತೆ ಕೂತು ಊಟ ಮಾಡಲಾರೆ ಅಕ್ಕಾ.

ಈ ಮನೆಯಲ್ಲಿ ಬಾಯಿಗಿಟ್ಟ ತುತ್ತನ್ನು ನೀರಾಗುವ ತನಕ ಅಗಿಯುತ್ತಾರೆ. ಬ್ರೆಡ್ಡಾಗಲಿ, ಬೇಯಿಸಿದ ಕ್ಯಾರೆಟ್ಟಾಗಲಿ, ಮೊಟ್ಟೆಯಾಗಲಿ, ಒಂದು ತುತ್ತು ಇಟ್ಟುಕೊಂಡು, ಚಮಚ ಕೆಳಗಿಟ್ಟು, ಕೈಗಳನ್ನು ತೊಡೆಯ ಮೇಲಿಟ್ಟು ಅಗಿಯುವುದು. ಆಗ ಮಾತಿಲ್ಲ, ರೇಡಿಯೋ ಇಲ್ಲ, ಹಾಗಾಗಿ ಸದ್ದೆಲ್ಲ ಸ್ಪಷ್ಟವಾಗಿ ಕೇಳಿಸುತ್ತದೆ. ಅತ್ತೆಯದು ಒದ್ದೆ ಬಟ್ಟೆ ಹಿಂಡಿದ ಸದ್ದು. ಮಾವನ ಕಟ್ಟಿಸಿಕೊಂಡ ಹಲ್ಲು ಕಟಕ್ ಕಟಕ್ ಎನ್ನುತ್ತದೆ. ಇವರದು, ನನ್ನ ಬಂಗಾರದಂಥ ಮನುಷ್ಯನದು, ಕೆಸರಿನಲ್ಲಿ ಹೂತ ಚಪ್ಪಲಿಯನ್ನು ಕಿತ್ತುಕೊಳ್ಳುವ ಸದ್ದು. ಪಚ್, ಪಚ್, ಪಚ್. ಎಲ್ಲ ನೀರಾದ ಮೇಲೆ ಆ ನೀರನ್ನು ಒಮ್ಮೆ ಈ ಕೆನ್ನೆಗೆ, ಒಮ್ಮೆ ಆ ಕೆನ್ನೆಗೆ ತಿರುಗಿಸಿ, ಕಣ್ಣು ಅರ್ಧ ಮುಚ್ಚಿ ನುಂಗುತ್ತಾರೆ. ಊಟ ಮುಗಿದ ಮೇಲೆ ಮೇಜಿನ ಸುತ್ತ ಸಾಲಾಗಿ ನಡಿಗೆ. ಮುಂದೆ ಮಾವ, ಹಿಂದೆ ಅತ್ತೆ, ಆಮೇಲೆ ಇವರು, ಕೊನೆಗೆ ಹೊಸ ಸೊಸೆ. ಮಾವ ತೇಗಿದರೆ ಅದು ಎಲ್ಲರನ್ನೂ ದಾಟಿಕೊಂಡು ನನ್ನ ಹತ್ತಿರ ಬರುತ್ತದೆ. ಬೆಂದ ಎಲೆಕೋಸಿನ ತೇಗು.

ನಾನು ನಾಜೂಕಿನವಳಲ್ಲ ಎನ್ನುವುದು ನಿನಗೆ ಗೊತ್ತು. ದಿನವಿಡೀ ಕಂಡವರ ಬಾಯಿಗೆ ಉಗುಳು ಹೀರುವ ಕೊಳವೆ ಹಿಡಿದು ನಿಲ್ಲುವುದೇ ನನ್ನ ಕೆಲಸ. ರಕ್ತ, ಕೀವು, ಹಲ್ಲಿನ ಸಂದಿಯಲ್ಲಿ ಕೊಳೆತ ಮಾಂಸದ ಎಳೆ, ಯಾವುದಕ್ಕೂ ಮೂಗು ಮುರಿದವಳಲ್ಲ. ಮೊನ್ನೆ ಒಬ್ಬರ ದವಡೆಯ ಹುಣ್ಣನ್ನು ಒರೆಸಿ, ಕೈ ತೊಳೆದು ಬಂದು ಬಿಸ್ಕತ್ತು ತಿಂದೆ. ಅಪರಿಚಿತರ ಬಾಯಿ ಕೆಲಸ ಅಷ್ಟೇ. ಇವರ ಬಾಯಿ ನಾನು ಪ್ರೀತಿಸುವ ಬಾಯಿ. ಅದಕ್ಕೇ ಇರಬೇಕು ತಡೆಯಲಾಗುವುದಿಲ್ಲ.

ಅವರದೇನೂ ತಪ್ಪಿಲ್ಲ ಎನ್ನುವುದು ಇನ್ನೂ ಕಷ್ಟ. ಚಿಕ್ಕವರಿದ್ದಾಗ ಇವರು ತುಂಬಾ ದಪ್ಪ ಇದ್ದರಂತೆ. ಶಾಲೆಯಲ್ಲಿ 'ಗೋಣಿ' ಎಂದೇ ಕರೆಯುತ್ತಿದ್ದರಂತೆ. ಅತ್ತೆ ಮಗನನ್ನು ಉಪವಾಸ ಕೆಡವಲಿಲ್ಲ, ಯಾವ ಪುಡಿಯನ್ನೂ ತಂದು ಕುಡಿಸಲಿಲ್ಲ. ನಿಧಾನವಾಗಿ ಉಂಡರೆ ಹೊಟ್ಟೆ ಸಾಕು ಎಂದದ್ದು ಕೇಳಿಸುತ್ತದೆ, ಉಂಡ ಮೇಲೆ ನಡೆದರೆ ಮೈ ಹಗುರಾಗುತ್ತದೆ ಎಂದರು. ಮಗ ಒಬ್ಬನೇ ಮಾಡಿದರೆ ಶಿಕ್ಷೆ ಅನಿಸೀತು ಎಂದು ಮನೆಮಂದಿಯೆಲ್ಲ ಹಾಗೇ ಉಂಡರು, ಹಾಗೇ ನಡೆದರು. ನಿಧಾನವಾಗಿ ಇಳಿದದ್ದು ಮತ್ತೆ ಏರಿಲ್ಲ. ಮದುವೆಯಾದ ವಾರದಲ್ಲೇ ಇವರು ಒಂದು ಹಳೆಯ ಫೋಟೋ ತೋರಿಸಿ, "ಈ ಹುಡುಗ ವಾಪಸ್ ಬಂದ್ಬಿಡ್ತಾನೆ ಅಂತ ಈಗಲೂ ಹೆದರಿಕೆ" ಎಂದರು. ಆ ಗುಂಡು ಹುಡುಗನಿಗೆ ಮುತ್ತು ಕೊಟ್ಟೆ. ಮಾರನೆಯ ದಿನ ಮೇಜಿಗೆ ಕೂತೆ, ಪಚ್ ಅಂದಿತು, ಹೇಸಿಗೆ ಎಲ್ಲಿತ್ತೋ ಅಲ್ಲೇ ಇತ್ತು.

ಆಮೇಲೆ ಶುರುವಾಯಿತು ನೋಡು ನನ್ನ ನೆಪಗಳು. ಬೇಗ ಹೋಗಬೇಕು, ಹಸಿವಿಲ್ಲ, ಆಗಲೇ ತಿಂದೆ. ಅಡಿಗೆಮನೆಯಲ್ಲಿ ನಿಂತುಕೊಂಡೇ ಗಬಗಬ ನುಂಗುವುದು, ಕ್ಲಿನಿಕ್ಕಿಗೆ ಬಂದು ಬೆಣ್ಣೆ ಬನ್ನು ಮುಗಿಸುವುದು. ಮದುವೆಗೆ ಹೊಲಿಸಿದ ಬಟ್ಟೆಯೆಲ್ಲ ತೋಳಿನಲ್ಲಿ ಹಿಡಿಯುತ್ತಿದೆ. ಅತ್ತೆಯ ಕಣ್ಣಿಗೆ ಇದೆಲ್ಲ ಬೀಳದೆ ಇರುತ್ತದೆಯೇ? ಭಾನುವಾರ ಕೈಹಿಡಿದು ಕರೆತಂದು, "ನಿಂತ್ಕೊಂಡು ನುಂಗಿದ್ದು ನಿಂತಲ್ಲೇ ಮೈಗೆ ಹತ್ತುತ್ತೆ ಕಣಮ್ಮಾ. ಇಲ್ಲಿ ಕೂತ್ಕೋ, ಅವನ ಎದುರಿಗೆ. ಅವನು ನುಂಗೋ ತನಕ ನೀನೂ ನುಂಗ್ಬೇಡ" ಎಂದು ಎದುರು ಕುರ್ಚಿಯಲ್ಲಿ ಕೂರಿಸಿದರು. ಇವರೋ ನನ್ನ ಕಣ್ಣಲ್ಲಿ ಕಣ್ಣಿಟ್ಟು, ಇದ್ದಬದ್ದ ಪ್ರೀತಿಯನ್ನೆಲ್ಲ ಸುರಿಸುತ್ತಾ ಅಗಿದರು. ತುಟಿಯ ಮೂಲೆಯಲ್ಲಿ ಕ್ಯಾರೆಟ್ಟಿನ ಬಣ್ಣದ ನೊರೆ ಬಂತು. ನಾನು ಬಚ್ಚಲಿಗೆ ಓಡಿದೆ. ಬಾಗಿಲಾಚೆ ಮಾವ, "ಸಿಹಿ ಸುದ್ದಿ ಏನಾದ್ರೂ ಇರಬಹುದು ಕಣೇ" ಎಂದದ್ದೂ, ಅತ್ತೆ, "ಸುಮ್ನಿರ್ರೀ, ಮದುವೆ ಫೋಟೋನೇ ಇನ್ನೂ ಬಂದಿಲ್ಲ" ಎಂದದ್ದೂ ಕೇಳಿಸಿತು. ಆ ಸುದ್ದಿಯಲ್ಲ ಅಕ್ಕಾ, ಅದು ನನಗೆ ಖಂಡಿತ ಗೊತ್ತು.

ಆಮೇಲೆ ಕೋಣೆಯಲ್ಲಿ ಇವರು ಬೆನ್ನು ಸವರುತ್ತಾ, "ಏನಾಯ್ತು ಹೇಳು, ನನ್ನ ಹತ್ರ ಎಂಥ ಸಂಕೋಚ" ಎಂದರು. ನನ್ನ ಬಾಯಿಗೆ ಬೀಗವಿಲ್ಲ, ಹೇಳಿಬಿಟ್ಟೆ. ತಮಾಷೆಯಾಗಿ ಹೇಳಿದರೆ ನಕ್ಕುಬಿಡುತ್ತಾರೆ ಎಂದು ಕೆನ್ನೆ ಉಬ್ಬಿಸಿ, ಪಚ್ ಪಚ್ ಎಂದು ಮಾಡಿಯೂ ತೋರಿಸಿದೆ. ಬೆನ್ನ ಮೇಲಿದ್ದ ಕೈ ತೆಗೆದರು. "ಸ್ಕೂಲಲ್ಲೂ ನಾನು ತಿನ್ನೋದನ್ನ ಹೀಗೇ ಮಾಡಿ ತೋರಿಸ್ತಿದ್ರು" ಎಂದರು. ಅಷ್ಟೇ.

ಅಂದಿನಿಂದ ಇವರು ತಟ್ಟೆ ಹಿಡಿದುಕೊಂಡು ಹೊರಗೆ ಮೆಟ್ಟಿಲ ಮೇಲೆ, ಚಪ್ಪಲಿ ಗೂಡಿನ ಪಕ್ಕ ಕೂತು ಉಣ್ಣುತ್ತಾರೆ. ಬಾಗಿಲು ಎಳೆದುಕೊಳ್ಳುತ್ತಾರೆ, ಸದ್ದು ಒಳಗೆ ಬರಬಾರದೆಂದು. ಅತ್ತೆಗೆ "ಒಳಗೆ ಸೆಕೆ" ಎಂದಿದ್ದಾರೆ, ನನ್ನನ್ನು ಬಿಟ್ಟುಕೊಟ್ಟಿಲ್ಲ. ನಿನ್ನೆ ನನಗೆ ಕರುಳು ಚುರುಕ್ ಎಂದು ನಾನೂ ತಟ್ಟೆ ಹಿಡಿದು ಹೋಗಿ ಪಕ್ಕದಲ್ಲಿ ಕೂತೆ. ಇವರು ಅಗಿಯುವುದನ್ನು ನಿಲ್ಲಿಸಿಬಿಟ್ಟರು. ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು, ಗೋಡೆ ನೋಡುತ್ತಾ, ನಾನು ಎದ್ದು ಹೋಗಲೆಂದು ಕಾದರು. ಆ ಉಬ್ಬಿದ ಕೆನ್ನೆ ನೋಡಿ ಪಾಪ ಅನಿಸಿತು. ತಬ್ಬಿಕೊಳ್ಳೋಣ ಅನಿಸಿತು. ಅಷ್ಟರಲ್ಲಿ ಆ ಕೆನ್ನೆಯೊಳಗೆ ಈಗ ಏನು ನೆನೆಯುತ್ತಿರಬಹುದು ಎಂಬ ಯೋಚನೆ ಬಂತು, ಮೈಯೆಲ್ಲ ಮುಳ್ಳೆದ್ದಿತು. ಎದ್ದು ಬಂದೆ. ಬಾಗಿಲು ಹಾಕಿಕೊಳ್ಳುವ ಮೊದಲೇ ಮತ್ತೆ ಶುರುವಾಯಿತು, ಪಚ್, ಮೆಲ್ಲಗೆ, ಕದ್ದು ಮಾಡಿದ ಹಾಗೆ.

ಡಾಕ್ಟರಮ್ಮ ಕರೆಯುತ್ತಿದ್ದಾರೆ, ಹಲ್ಲು ಕೀಳಿಸಿಕೊಳ್ಳುವವರು ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಕೂತಿದ್ದಾರಂತೆ. ಅತ್ತೆ, ಮಾವ ನಿನ್ನನ್ನು ಕೇಳಿದೆವೆಂದು ತಿಳಿಸಲು ಹೇಳಿದ್ದಾರೆ. ಭಾರ ಎತ್ತಬೇಡ, ಮಲಗುವ ಮುಂಚೆ ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ನಿನಗೆ ನನ್ನ ನೂರು ಮುತ್ತು, ಹುಡುಗಿಯರಿಗೆ ಎರಡೇ ಎರಡು.

ನಿನ್ನ
ಚಿನಕುರಳಿ

ತಾ.ಕ.: ಅಕ್ಕಾ, ನೀನು ಭಾವನನ್ನು ಬಿಟ್ಟು ಬಂದ ದಿನ ಅಮ್ಮ ಎಷ್ಟು ಕೇಳಿದರೂ ಒಂದೇ ಮಾತು ಹೇಳಿದೆ, "ಟೀ ಕುಡಿಯುವಾಗ ಗುಟುಕು ಗುಟುಕಿಗೂ ಹಾ ಅಂತಾರೆ, ನನ್ನ ಕೈಲಾಗಲ್ಲ" ಎಂದು. ಅಮ್ಮ ನಂಬಲೇ ಇಲ್ಲ. ಕುಡಿತವೋ, ಹೊಡೆತವೋ, ಇನ್ನೊಬ್ಬಳೋ, ಇವಳು ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದರು. ನಾನೂ ಹಾಗೇ ತಿಳಿದುಕೊಂಡಿದ್ದೆ, ಈ ಮೇಜಿಗೆ ಕೂರುವ ತನಕ. ಉತ್ತರ ಮನೆಗೆ ಬೇಡ, ಕ್ಲಿನಿಕ್ಕಿನ ವಿಳಾಸಕ್ಕೆ ಹಾಕು. ಉದ್ದ ಬರೆಯಬೇಕಿಲ್ಲ. ಏನನ್ನೋ ಮುಚ್ಚಿಟ್ಟಿದ್ದೆ ಅಂತ ಮಾತ್ರ ಬರಿ.